ಶ್ರೀಗಂಧದೆಣ್ಣೆಯ ಬಟ್ಟಿ: ಕಾವಿನ ನಿಯಂತ್ರಣದ ಇತಿಹಾಸ

ಶ್ರೀಗಂಧದ ಚೇಗು ಮತ್ತು ಬೇರುಗಳಿಂದ ಎಣ್ಣೆ ಇಳಿಸುವಾಗ ಶಾಖವನ್ನು ಹದದಲ್ಲಿಡುವ ಕ್ರಮಗಳು ಕರ್ನಾಟಕದಲ್ಲಿ ಎರಡು ದಾರಿಗಳಲ್ಲಿ ಬೆಳೆದಿವೆ. ಒಂದು ಪಾತ್ರೆಯ ಅಡಿಗೆ ನೇರ ಉರಿ ಹಾಕುವುದು, ಇನ್ನೊಂದು ಬಾಯ್ಲರ್‌ನಿಂದ ಹಬೆ ಹಾಯಿಸುವುದು. ಮೊದಲನೆಯದು ಒರಟು ವಿಧಾನ, ಎರಡನೆಯದು ಶಾಸ್ತ್ರೀಯ ವಿಧಾನ ಎಂಬ ರೂಢಿಯ ವಿಂಗಡಣೆಗೆ ದಾಖಲೆಗಳ ಪೂರ್ತಿ ಬೆಂಬಲವಿಲ್ಲ.

ಕಾವಿನ ತತ್ವ

ಎಣ್ಣೆಯ ಮುಖ್ಯ ಘಟಕಗಳಾದ ಸ್ಯಾಂಟಲಾಲ್‌ಗಳ ಕುದಿಬಿಂದು ಸುಮಾರು 300° ಸೆ. ಆದರೂ ನೀರಾವಿಯ ಜೊತೆಗೂಡಿದಾಗ ಅವು 100° ಸೆ. ಆಸುಪಾಸಿನಲ್ಲೇ ಹೊರಬರುತ್ತವೆ. ವಾತಾವರಣದ ಒತ್ತಡದಲ್ಲಿ ಕುದಿಯುವ ನೀರಿನ ಉಷ್ಣತೆ ಉರಿ ಹೆಚ್ಚಿಸಿದರೂ ಏರುವುದಿಲ್ಲ, ಆವಿ ಏಳುವ ವೇಗವಷ್ಟೇ ಏರುತ್ತದೆ. ವೇಗ ಮಿತಿಮೀರಿದರೆ ತಣಿಸುವ ಪಾತ್ರೆ ಸಾಲದೆ ಎಣ್ಣೆ ಆವಿಯಾಗಿಯೇ ಹೋಗುತ್ತದೆ. ನೀರು ಇಂಗಿದರೆ ಚೆಕ್ಕೆ ತಳಹಿಡಿದು ಎಣ್ಣೆಗೆ ಸೀದ ವಾಸನೆ ಬರುತ್ತದೆ. ಹಾಗಾಗಿ ನೇರ ಉರಿಯ ಬಟ್ಟಿಯಲ್ಲಿ ಕಾವಿನ ನಿಯಂತ್ರಣವೆಂದರೆ ಆವಿಯ ವೇಗ ಮತ್ತು ನೀರಿನ ಮಟ್ಟ ಎರಡನ್ನೂ ಕಾಯುವ ಕೆಲಸ.

ಮಡಕೆ ಬಟ್ಟಿ

ಮೈಸೂರು ಸೀಮೆಯ ದೇಶೀ ಬಟ್ಟಿಯ ವಿವರವಾದ ವರ್ಣನೆ 19ನೆಯ ಶತಮಾನದ ಉತ್ತರಾರ್ಧದ ಇಂಗ್ಲಿಷ್ ಬರಹಗಳಲ್ಲಿ ಸಿಗುತ್ತದೆ. ಎರಡೂವರೆ ಅಡಿ ಆಳ, ಆರೂವರೆ ಅಡಿ ಸುತ್ತಳತೆಯ ಗುಂಡನೆಯ ಮಣ್ಣಿನ ಪಾತ್ರೆ. ಅದಕ್ಕೆ ನಡುವೆ ತೂತಿರುವ ಮಣ್ಣಿನ ಮುಚ್ಚಳ. ತೂತಿನಿಂದ ಹೊರಟ ಸುಮಾರು ಐದೂವರೆ ಅಡಿಯ ಬಾಗಿದ ತಾಮ್ರದ ಕೊಳವೆ. ಕೊಳವೆಯ ತುದಿ ತಣ್ಣೀರಿನಲ್ಲಿಟ್ಟ ತಾಮ್ರದ ಪಾತ್ರೆಗೆ ಇಳಿಯುತ್ತಿತ್ತು. ಹೊರಗಿನ ಬಿಳಿ ಮರವನ್ನು ತೆಗೆದು ಎರಡು ಮಣ, ಅಂದರೆ ಸುಮಾರು 50 ಪೌಂಡ್ ಚೇಗಿನ ಚೆಕ್ಕೆ ತುಂಬಿ, ಮುಳುಗುವಷ್ಟು ನೀರು ಹೊಯ್ದು, ಹತ್ತು ಹಗಲು ಹತ್ತು ರಾತ್ರಿ ಮಂದ ಉರಿಯಲ್ಲಿ ಇಳಿಸುತ್ತಿದ್ದರು.

ಇದರಲ್ಲಿ ಗಮನಿಸಬೇಕಾದದ್ದು ನೀರು ತುಂಬುವ ಕ್ರಮ. ಪಾತ್ರೆಯಲ್ಲಿ ನೀರು ಕಡಿಮೆಯಾದಾಗ ತಣಿಸುವ ತೊಟ್ಟಿಯಲ್ಲಿ ಆಗಲೇ ಬಿಸಿಯಾಗಿದ್ದ ನೀರನ್ನೇ ಹೊಯ್ಯುತ್ತಿದ್ದರು. ಇದರಿಂದ ಕುದಿ ನಿಲ್ಲುತ್ತಿರಲಿಲ್ಲ, ಸೌದೆ ಉಳಿಯುತ್ತಿತ್ತು, ತೊಟ್ಟಿಗೆ ಹೊಸ ತಣ್ಣೀರು ಸೇರಲು ಜಾಗವೂ ಆಗುತ್ತಿತ್ತು. ಉಷ್ಣಮಾಪಕವಿಲ್ಲದೆಯೇ ನಡೆಯುತ್ತಿದ್ದ ಈ ಏರ್ಪಾಡು ಪಳಗಿದ ತಂತ್ರವೆನ್ನಲು ಯೋಗ್ಯ.

ಇಳುವರಿಯ ಗೊಂದಲ

ಅದೇ ವರ್ಣನೆಯಂತೆ ಇಳುವರಿ ಮಣಕ್ಕೆ ಸುಮಾರು 10 ಔನ್ಸ್, ಅಂದರೆ ಶೇ. 2.5. ಹಬೆ ಬಟ್ಟಿಯ ಇಳುವರಿ ಒಳ್ಳೆಯ ಚೇಗಿಗೆ ಶೇ. 4ರಿಂದ 6ರಷ್ಟಿದೆ. ಈ ಅಂತರವನ್ನು ಶಾಖದ ವಿಧಾನಕ್ಕೇ ಕಟ್ಟುವುದು ಸರಿಯಲ್ಲ. ಮಡಕೆಗೆ ಹಾಕುತ್ತಿದ್ದದ್ದು ಚೆಕ್ಕೆ, ಕಾರ್ಖಾನೆಗೆ ಹೋಗುವುದು ಯಂತ್ರದಲ್ಲಿ ಅರೆದ ಪುಡಿ. ಮರದ ವಯಸ್ಸು ಮತ್ತು ಭಾಗದಿಂದಲೂ ಎಣ್ಣೆಯ ಪ್ರಮಾಣ ಬದಲಾಗುತ್ತದೆ. ಬೇರಿನಲ್ಲಿ ಅದು ಹೆಚ್ಚು.

ಹಬೆಗೆ ತಿರುವು

1914ರಲ್ಲಿ ಮೊದಲ ಮಹಾಯುದ್ಧ ಶುರುವಾಗುತ್ತಲೇ ಮೈಸೂರಿನ ಗಂಧದ ಮರಕ್ಕೆ ಜರ್ಮನಿಯ ಮಾರುಕಟ್ಟೆ ಮುಚ್ಚಿತು. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಆಳ್ವಿಕೆ, ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿಯ ಆ ಕಾಲದಲ್ಲಿ ಕೈಗಾರಿಕಾ ನಿರ್ದೇಶಕ ಆಲ್ಫ್ರೆಡ್ ಚಾಟರ್ಟನ್ ಎಣ್ಣೆಯನ್ನು ಇಲ್ಲಿಯೇ ಇಳಿಸಲು ಮುಂದಾದರು. ಭಾರತೀಯ ವಿಜ್ಞಾನ ಸಂಸ್ಥೆಯ ಜೆ.ಜೆ. ಸಡ್‌ಬರೊ ಮತ್ತು ಎಚ್.ಇ. ವಾಟ್ಸನ್ ಪ್ರಯೋಗಗಳನ್ನು ನಡೆಸಿದರು. ಗಂಧದೆಣ್ಣೆ ಕಾರ್ಖಾನೆಯ ಸ್ಥಾಪನೆಯ ವರ್ಷ ಒಂದೆಡೆ 1916, ಇನ್ನೊಂದೆಡೆ 1917 ಎಂದು ಕಾಣುವುದಕ್ಕೆ ಕಾರಣವಿದೆ: ಬೆಂಗಳೂರಿನಲ್ಲಿ ಕೆಲಸ ಆರಂಭವಾದದ್ದು 1916ರಲ್ಲಿ, ಮೈಸೂರಿನ ಕಾರ್ಖಾನೆ ನಡೆದದ್ದು 1917ರಿಂದ.

ಹಬೆ ಬಂದ ಮೇಲೆ ಉರಿ ಬಟ್ಟಿಯಿಂದ ದೂರ ಸರಿಯಿತು. ಕವಾಟ ತಿರುಗಿಸಿ ಹಬೆಯ ಹರಿವನ್ನು ಹೆಚ್ಚು ಕಡಿಮೆ ಮಾಡಬಹುದಾಯಿತು, ತಳ ಸೀಯುವ ಭಯ ತಪ್ಪಿತು, ಹತ್ತು ದಿನಗಳ ಕೆಲಸ 48ರಿಂದ 72 ಗಂಟೆಗೆ ಇಳಿಯಿತು. 1944ರಲ್ಲಿ ಶಿವಮೊಗ್ಗದಲ್ಲೂ ಕಾರ್ಖಾನೆ ಬಂತು. 1980ರಲ್ಲಿ ಮೈಸೂರು, ಶಿವಮೊಗ್ಗದ ಕಾರ್ಖಾನೆಗಳು ಕರ್ನಾಟಕ ಸಾಬೂನು ಮತ್ತು ಮಾರ್ಜಕ ನಿಯಮಿತದಡಿ ಸೇರಿದವು.

ಸಣ್ಣ ಘಟಕಗಳು

2001ರ ಕಾನೂನು ತಿದ್ದುಪಡಿಯಿಂದ ಕರ್ನಾಟಕದಲ್ಲಿ ಜಮೀನಿನ ಗಂಧದ ಮರಕ್ಕೆ ಜಮೀನುದಾರನೇ ಒಡೆಯನಾದ. ಹಾಗಾಗಿ ಬೆಳೆಗಾರರ ಸಣ್ಣ ಬಟ್ಟಿಗಳು ಗಂಧಕ್ಕೂ ಹೊಂದುತ್ತವೆಯೇ ಎಂಬ ಪ್ರಶ್ನೆ ಏಳುತ್ತದೆ. ನಿಂಬೆಹುಲ್ಲು, ಸಿಟ್ರೊನೆಲ್ಲಾ ಬೆಳೆಗಾರರಲ್ಲಿ ನೇರ ಉರಿಯ ಘಟಕಗಳು ಈಗಲೂ ಬಳಕೆಯಲ್ಲಿವೆ. ಅವುಗಳಲ್ಲಿ ಹುಲ್ಲನ್ನು ನೀರಿನ ಮೇಲಿನ ಜಾಲರಿಯಲ್ಲಿಡುವುದರಿಂದ ತಳ ಹಿಡಿಯುವುದಿಲ್ಲ. ಹುಲ್ಲಿನ ಎಣ್ಣೆ ಕೆಲವೇ ಗಂಟೆಗಳಲ್ಲಿ ಇಳಿಯುವ ಕಾರಣ ಒಲೆಯ ಉರಿ ಸಾಕು. ಗಂಧದ ಚೇಗು ದಿನಗಟ್ಟಲೆ ಏರುಪೇರಿಲ್ಲದ ಹಬೆ ಬೇಡುತ್ತದೆ. ವಿಧಾನದ ಆಯ್ಕೆಯನ್ನು ನಿರ್ಧರಿಸುವುದು ಕಚ್ಚಾವಸ್ತು ಎಣ್ಣೆ ಬಿಡಲು ತೆಗೆದುಕೊಳ್ಳುವ ಈ ಸಮಯವೇ.