ಅಡುಗೆಮನೆಯ ಅಹಿಂಸೆ: ಒಂದು ಚಾರಿತ್ರಿಕ ನೋಟ

ಕರ್ನಾಟಕದ ಜೈನ ಇತಿಹಾಸವನ್ನು ನಾವು ಬಹುಮಟ್ಟಿಗೆ ಬಸದಿ, ಶಾಸನ ಹಾಗೂ ನಿಸಿಧಿಗಲ್ಲುಗಳ ಮೂಲಕ ಅರಿತಿದ್ದೇವೆ. ಕಲ್ಲಿನಲ್ಲಿ ಕೊರೆದದ್ದು ಉಳಿಯುತ್ತದೆ. ಬಿದಿರಿನ ಮೊರ, ಮಣ್ಣಿನ ಹಂಚು, ನೀರು ಸೋಸುವ ಬಟ್ಟೆ ಉಳಿಯುವುದಿಲ್ಲ. ಆದರೆ ಶ್ರಾವಕಧರ್ಮವು ದಿನದಿನವೂ ಆಚರಣೆಗೆ ಬಂದದ್ದು ಈ ಉಳಿಯದ ವಸ್ತುಗಳ ನಡುವೆಯೇ. ಆದ್ದರಿಂದ ಮನೆವಾರ್ತೆಯ ಇತಿಹಾಸವು ಧರ್ಮದ ಇತಿಹಾಸದಿಂದ ಬೇರೆಯಾದುದಲ್ಲ.

ಗೃಹಸ್ಥನ ಮನೆಯಲ್ಲಿ ಐದು 'ಸೂನೆ'ಗಳಿವೆ ಎಂದು ಪ್ರಾಚೀನರು ಎಣಿಸಿದರು. ಸೂನೆಯೆಂದರೆ ವಧಸ್ಥಾನ. ಕುಟ್ಟುವ ಒರಳು, ಬೀಸುವ ಕಲ್ಲು, ಒಲೆ, ನೀರಿನ ಕೊಡ, ಗುಡಿಸುವ ಪೊರಕೆ, ಇವೇ ಆ ಐದು. ಈ ಎಣಿಕೆ ವೈದಿಕ ಸ್ಮೃತಿಗಳಲ್ಲಿಯೂ ಉಂಟು. ಆಚಾರ್ಯ ಸಮಂತಭದ್ರರ 'ರತ್ನಕರಂಡಕ ಶ್ರಾವಕಾಚಾರ'ವು ದಾನವನ್ನು ವಿವರಿಸುವಾಗ, ಆಹಾರವನ್ನು ಸ್ವೀಕರಿಸುವ ಮುನಿಗಳು ಸೂನೆ ಮತ್ತು ಆರಂಭಗಳಿಂದ ಮುಕ್ತರಾದವರೆಂದು ಹೇಳುತ್ತದೆ. ಮನೆಗೆಲಸದಿಂದ ಸಂಚಯವಾದ ಕರ್ಮವನ್ನು ಅತಿಥಿಸತ್ಕಾರವು, ನೀರು ರಕ್ತವನ್ನು ತೊಳೆಯುವಂತೆ, ತೊಳೆಯುತ್ತದೆಂಬ ಭಾವವೂ ಅಲ್ಲಿಯೇ ಬರುತ್ತದೆ. ಉಪಮಾನ ಕಠೋರವಾದುದು. ಆದರೆ ಅದರ ಹಿಂದಿನ ಪ್ರಾಮಾಣಿಕತೆಯನ್ನು ಗಮನಿಸಬೇಕು. ಒಂದು ರೊಟ್ಟಿ ಬೇಯುವಲ್ಲಿಯೂ ಜೀವಹಾನಿಯುಂಟು ಎಂಬುದನ್ನು ಆಚಾರ್ಯರು ಮರೆಮಾಚಲಿಲ್ಲ. ಗೃಹಸ್ಥನು ಈ ಆರಂಭೀ ಹಿಂಸೆಯನ್ನು ಪೂರ್ಣವಾಗಿ ಬಿಡಲಾರ; ಯತ್ನಾಚಾರದಿಂದ ಅದನ್ನು ಕಡಿಮೆ ಮಾಡಬಲ್ಲ.

ಈ ಯತ್ನಾಚಾರವೇ ಮನೆಯ ಸಾಮಗ್ರಿಗಳಿಗೆ ರೂಪ ಕೊಟ್ಟಿತು. ನೀರನ್ನು ದಪ್ಪನೆಯ ಬಟ್ಟೆಯನ್ನು ಎರಡು ಪದರ ಮಾಡಿ ಸೋಸಬೇಕು; ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ಅದೇ ಬಾವಿಗೋ ಕೆರೆಗೋ ಮೆಲ್ಲನೆ ಮರಳಿಸಬೇಕು. ಹೀಗೆ ಸೋಸಿದ ನೀರಿಗೂ ಒಂದು ಮುಹೂರ್ತದ, ಅಂದರೆ 48 ನಿಮಿಷಗಳ, ಮಿತಿಯುಂಟು. ಹಿಟ್ಟಿಗೂ ಅಂತಹ 'ಮರ್ಯಾದೆ'ಯನ್ನು ದಿಗಂಬರ ಸಂಪ್ರದಾಯವು ಗೊತ್ತುಪಡಿಸಿದೆ: ಚಳಿಗಾಲದಲ್ಲಿ 7 ದಿನ, ಬೇಸಿಗೆಯಲ್ಲಿ 5 ದಿನ, ಮಳೆಗಾಲದಲ್ಲಿ 3 ದಿನ. ತೇವ ಹೆಚ್ಚಿದಂತೆ ಹಿಟ್ಟಿನಲ್ಲಿ ಹುಳು ಹುಟ್ಟುವುದು ಬೇಗ ಎಂಬ ಅನುಭವ ಈ ಲೆಕ್ಕದಲ್ಲಿ ಅಡಗಿದೆ. ಹೀಗಾಗಿ ಧಾನ್ಯವನ್ನು ಮೊರದಲ್ಲಿ ಕೇರಿ, ಕಲ್ಲು ಹುಳುಗಳನ್ನು ಆರಿಸಿ, ಬೇಕಾದಷ್ಟನ್ನೇ ಬೀಸಿ, ಜರಡಿ ಹಿಡಿದು, ಸೂರ್ಯಾಸ್ತದ ಮೊದಲೇ ಉಂಡು ಮುಗಿಸುವ ಕ್ರಮ ನೆಲೆಗೊಂಡಿತು. ಸಂಗ್ರಹ ಕಡಿಮೆಯಾಯಿತು, ವ್ಯರ್ಥವೂ ಕಡಿಮೆಯಾಯಿತು. ಅಹಿಂಸೆಯೊಡನೆ ಅಪರಿಗ್ರಹವೂ ಅದೇ ಮೊರದಲ್ಲಿ ಬಂದು ಕುಳಿತಿತು.

ಇಂತಹ ಗೃಹವಿದ್ಯೆಯನ್ನು ಕನ್ನಡ ವಾಙ್ಮಯವು ಹಗುರವಾಗಿ ಕಾಣಲಿಲ್ಲ. ಸುಮಾರು 1025ರಲ್ಲಿ ರಚಿತವಾದ 'ಲೋಕೋಪಕಾರ'ವು ಕೃಷಿ, ಜಲಶೋಧನೆ, ವೈದ್ಯಗಳ ಜೊತೆಗೆ ಪಾಕವಿಷಯಕ್ಕೂ ಸ್ಥಾನ ಕೊಟ್ಟಿದೆ. ಇದರ ಕರ್ತೃವಾದ ಚಾವುಂಡರಾಯನು ಗೊಮ್ಮಟಮೂರ್ತಿಯನ್ನು ಕಡೆಯಿಸಿದವನಲ್ಲ, ಅನಂತರದ ಕಾಲದವನು. 16ನೆಯ ಶತಮಾನದ ಆರಂಭದಲ್ಲಿ ಜೈನಕವಿ ಮೂರನೆಯ ಮಂಗರಸನು ಶಾಕಾಹಾರಕ್ಕೇ ಮೀಸಲಾದ 'ಸೂಪಶಾಸ್ತ್ರ'ವನ್ನು ಪದ್ಯರೂಪದಲ್ಲಿ ಬರೆದನು. ಅದರಲ್ಲಿ ಪಿಷ್ಟಪಾಕ, ಅಂದರೆ ಹಿಟ್ಟಿನಿಂದಾಗುವ ಭಕ್ಷ್ಯಗಳ ಪ್ರಕರಣ, ವಿಶೇಷವಾಗಿ ಗಮನಾರ್ಹ. ಮಂಡಿಗೆ ಮೊದಲಾದವುಗಳೊಡನೆ ಹಲವು ಬಗೆಯ ರೊಟ್ಟಿಗಳನ್ನು ಕವಿ ವರ್ಣಿಸಿದ್ದಾನೆ. ಮುಚ್ಚಳ ರೊಟ್ಟಿಯನ್ನು ಪಾತ್ರೆಯಲ್ಲಿಟ್ಟು ಮುಚ್ಚಿ, ಕೆಳಗೂ ಮೇಲೂ ಕೆಂಡದ ಕಾವು ಕೊಟ್ಟು ಬೇಯಿಸುತ್ತಿದ್ದರು. ಇಂದಿನ ಬೇಕರಿಯ ಒಲೆ ಮಾಡುವ ಕೆಲಸವನ್ನು ನಮ್ಮ ಮನೆಗಳಲ್ಲಿ ಒಂದು ಮುಚ್ಚಳ, ಒಂದಿಷ್ಟು ಕೆಂಡ ಮಾಡುತ್ತಿದ್ದವು.

'ನೇಮಿಜಿನೇಶಸಂಗತಿ', 'ಸಮ್ಯಕ್ತ್ವಕೌಮುದಿ'ಗಳನ್ನು ರಚಿಸಿದ ಈ ಮಂಗರಸನು ಕಲ್ಲಹಳ್ಳಿಯ ಪ್ರಭುವಾಗಿದ್ದನೆಂಬುದನ್ನು ನೆನೆಯಬೇಕು. ತೀರ್ಥಂಕರಚರಿತೆಯನ್ನು ಬರೆದ ಲೇಖನಿಯಿಂದಲೇ ರೊಟ್ಟಿಯ ವಿಧಾನವನ್ನು ಬರೆಯಲು ಆ ಪ್ರಭುವಿಗೆ ಸಂಕೋಚವಾಗಲಿಲ್ಲ. ಆದರೆ ವಾಸ್ತವದಲ್ಲಿ ಒರಳು, ಬೀಸುವ ಕಲ್ಲು, ಒಲೆಗಳ ಭಾರವನ್ನು ಹೊತ್ತವರು ಸ್ತ್ರೀಯರು. ಶಾಸ್ತ್ರವು ಐದು ಸೂನೆಗಳನ್ನು ಗೃಹಸ್ಥನ ಹೊಣೆಯೆಂದು ಎಣಿಸಿತು. ರೂಢಿಯು ಅವನ್ನು ಗೃಹಿಣಿಯೊಬ್ಬಳ ಹೆಗಲಿಗೆ ಏರಿಸಿತು. ಹಳ್ಳಿಗಳಲ್ಲಿ ಹೆಂಗಸರು ಬೆಳಗಿನ ಜಾವಕ್ಕೇ ಎದ್ದು ಬೀಸುವ ಪದ ಹಾಡುತ್ತ ಹಿಟ್ಟು ಬೀಸುತ್ತಿದ್ದುದನ್ನು ನಾವು ಅಭಿಮಾನದಿಂದ ಸ್ಮರಿಸುತ್ತೇವೆ. ಆ ನಸುಗತ್ತಲಲ್ಲಿ ಕಾಳಿನೊಡನೆ ಏನು ಕಲ್ಲಿಗೆ ಸಿಕ್ಕಿತೆಂಬುದು ಕಾಣುವಂತಿರಲಿಲ್ಲ. ಹಗಲೆಲ್ಲ ದುಡಿಯಬೇಕಾದವಳಿಗೆ ಬೇರೆ ವೇಳೆಯೂ ಇರಲಿಲ್ಲ. ಬಿಡುವಿಲ್ಲದ ಕೈಗೆ ಯತ್ನಾಚಾರ ಸಾಧ್ಯವಾಗುವುದಾದರೂ ಹೇಗೆ? ಹಳೆಯದೆಲ್ಲವೂ ಶುದ್ಧವಾಗಿತ್ತೆಂಬ ಮಾತು ಆದ್ದರಿಂದ ಇತಿಹಾಸಕ್ಕೆ ಒಪ್ಪುವುದಿಲ್ಲ.

ಇಂದು ಬೀಸುವ ಕಲ್ಲು ಮೂಲೆ ಸೇರಿದೆ. ಅದರ ದುಡಿತ ತಪ್ಪಿದುದು ಒಳ್ಳೆಯದೇ. ಆದರೆ ಅದರೊಡನೆ ನೋಡುವ ಕಣ್ಣೂ ಮನೆಯಿಂದ ಹೊರಟುಹೋಗಿದೆ. ಪೊಟ್ಟಣದ ಹಿಟ್ಟು ಬೀಸಿ ಎಷ್ಟು ದಿನಗಳಾದವೆಂದು ನಾವು ಕೇಳುವುದಿಲ್ಲ. ಬೇಕರಿಯ ತಿನಿಸಿನಲ್ಲಿ ಮೊಟ್ಟೆ ಸೇರಿದೆಯೇ ಎಂದು ವಿಚಾರಿಸುವುದಕ್ಕೂ ಸಂಕೋಚಪಡುತ್ತೇವೆ. ಹಿಂಸೆಯು ಕಡಿಮೆಯಾಗಿಲ್ಲ, ಕಣ್ಣಿಗೆ ಮರೆಯಾಗಿದೆ ಅಷ್ಟೆ. ಕಾಣದ ಹಿಂಸೆಗೆ ಪಶ್ಚಾತ್ತಾಪವೂ ಹುಟ್ಟುವುದಿಲ್ಲ.

ಕಲ್ಲನ್ನು ಮತ್ತೆ ತಿರುಗಿಸಬೇಕೆಂದು ಯಾರೂ ಹೇಳಬೇಕಾಗಿಲ್ಲ. ವಾರಕ್ಕೆ ಬೇಕಾದಷ್ಟೇ ಧಾನ್ಯವನ್ನು ಹಗಲ ಬೆಳಕಿನಲ್ಲಿ ಮನೆಮಂದಿಯೆಲ್ಲ ಕುಳಿತು ಹಸನು ಮಾಡಿ, ಮಳೆಗಾಲದಲ್ಲಿ ಇನ್ನೂ ಕಡಿಮೆ ತೆಗೆದುಕೊಂಡು, ಗಿರಣಿಯಲ್ಲಿ ಬೀಸಿಸಬಹುದು. ನೀರು ಸೋಸುವ ಕೆಲಸವನ್ನು ಮನೆಯ ಯಜಮಾನನೇ ವಹಿಸಿಕೊಳ್ಳಬಹುದು. ಮಕ್ಕಳು ಮೊರದ ಮುಂದೆ ಕುಳಿತು ಒಂದು ಹುಳುವನ್ನು ಎತ್ತಿ ನೆರಳಿಗೆ ಬಿಟ್ಟರೆ, ಅಣುವ್ರತದ ಮೊದಲ ಪಾಠ ಅಲ್ಲಿಯೇ ಆಗುತ್ತದೆ. ವ್ರತವು ಮನೆಯದು, ಅದರ ದುಡಿಮೆಯೂ ಮನೆಯವರೆಲ್ಲರದು ಆಗಬೇಕು.