ಹಣ್ಣಿನ ರಸದಲ್ಲಿ ಬೆರೆಸಿದ ಮದ್ದು

1964ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಆಸ್ಪತ್ರೆ ಹೆರಾಯಿನ್ ಚಟಕ್ಕೆ ಬಿದ್ದ ಕೆಲವರನ್ನು ದಾಖಲಿಸಿಕೊಂಡಿತು. ಅವರಿಗೆ ಮದ್ದು ಕೊಡುವ ವೈದ್ಯರೇ ಅಪರಾಧಿಗಳಾಗುವ ಸಾಧ್ಯತೆ ಆಗ ಇತ್ತು.

ಅದಕ್ಕೆ ಅರ್ಧ ಶತಮಾನದ ಹಿನ್ನೆಲೆಯಿದೆ. ಅಮೆರಿಕದ 1914ರ ಹ್ಯಾರಿಸನ್ ಕಾಯಿದೆ ಅಫೀಮು ಮೂಲದ ಮದ್ದುಗಳ ವಹಿವಾಟನ್ನು ಲೆಕ್ಕ ಮತ್ತು ತೆರಿಗೆಗೆ ಒಳಪಡಿಸಿತು. 1919ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಚಟವನ್ನು ನಡೆಸಿಕೊಂಡು ಹೋಗಲಷ್ಟೇ ಬರೆದುಕೊಟ್ಟ ಚೀಟಿ ವೈದ್ಯರ ಚೀಟಿಯೇ ಅಲ್ಲ ಎಂದಿತು. ವೈದ್ಯರ ಮೇಲೆ ಮೊಕದ್ದಮೆಗಳು ಬಿದ್ದವು. ಕೆಲವು ಊರುಗಳಲ್ಲಿ ತೆರೆದಿದ್ದ ಮಾರ್ಫಿನ್ ಕ್ಲಿನಿಕ್ಕುಗಳು 1920ರ ದಶಕದಲ್ಲಿ ಮುಚ್ಚಿಹೋದವು. 1935ರಲ್ಲಿ ಸರ್ಕಾರ ಕೆಂಟಕಿಯ ಲೆಕ್ಸಿಂಗ್ಟನ್‌ನಲ್ಲಿ ತೆರೆದ ಸಂಸ್ಥೆ ಅರ್ಧ ಆಸ್ಪತ್ರೆ, ಅರ್ಧ ಜೈಲು. ಅಲ್ಲಿ ಚಟ ಬಿಡಿಸಿ ಕಳಿಸಿದವರಲ್ಲಿ ಬಹುಪಾಲು ಜನ ಮತ್ತೆ ಅದಕ್ಕೇ ಮರಳುತ್ತಿದ್ದರು.

ಲೆಕ್ಸಿಂಗ್ಟನ್‌ನಲ್ಲಿ ಕೆಲಸ ಮಾಡಿದ್ದ ಮನೋವೈದ್ಯೆ ಮರೀ ನಿಸ್ವಾಂಡರ್, ಚಟಕ್ಕೆ ಬಿದ್ದವರನ್ನು ರೋಗಿಗಳೆಂದೇ ನೋಡಬೇಕೆಂದು 1956ರಲ್ಲಿ ಪುಸ್ತಕ ಬರೆದಿದ್ದರು. ಅದನ್ನು ಓದಿದ ವಿನ್ಸೆಂಟ್ ಡೋಲ್ ಅವರನ್ನು ರಾಕ್‌ಫೆಲರ್‌ಗೆ ಕರೆದರು. ಡೋಲ್ ಅವರ ಕ್ಷೇತ್ರ ದೇಹದ ಚಯಾಪಚಯ. ಯುವ ವೈದ್ಯೆ ಮೇರಿ ಜೀನ್ ಕ್ರೀಕ್ ಜೊತೆಯಾದರು.

ಮೊದಲು ಮಾರ್ಫಿನ್ ಕೊಟ್ಟು ನೋಡಿದರು. ಅದರ ಪರಿಣಾಮ ಕೆಲವೇ ಗಂಟೆ. ದಿನಕ್ಕೆ ಹಲವು ಚುಚ್ಚುಮದ್ದು ಬೇಕು, ಪ್ರಮಾಣವೂ ಏರುತ್ತಲೇ ಹೋಗಬೇಕು. ರೋಗಿಗಳು ಮಂಪರಿನಲ್ಲಿ ಕೂತು ಮುಂದಿನ ಸೂಜಿಗೆ ಕಾಯುತ್ತಿದ್ದರು. ಆಮೇಲೆ ಮೆಥಡೋನ್‌ಗೆ ಬದಲಿಸಿದರು. 1930ರ ದಶಕದ ಕೊನೆಯಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞರು ತಯಾರಿಸಿದ್ದ ನೋವುನಿವಾರಕ ಅದು. ಹಣ್ಣಿನ ರಸದಲ್ಲಿ ಬೆರೆಸಿ ಕುಡಿಸಿದರೆ ಒಂದು ಡೋಸ್ ಇಡೀ ದಿನ ಸಾಕು. ಪ್ರಮಾಣ ಒಂದು ಹಂತದಲ್ಲಿ ನಿಲ್ಲುತ್ತದೆ, ಅಮಲು ಏರುವುದಿಲ್ಲ, ಮೇಲೆ ಹೆರಾಯಿನ್ ತೆಗೆದುಕೊಂಡರೂ ಅದು ಅಷ್ಟಾಗಿ ತಾಕುವುದಿಲ್ಲ. ರೋಗಿಗಳು ಓದು, ಕೆಲಸ, ಮನೆ ಎಂದು ಮಾತಾಡತೊಡಗಿದರು. 22 ರೋಗಿಗಳ ಈ ಅನುಭವ 1965ರಲ್ಲಿ ಅಮೆರಿಕನ್ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು.

ಒಂದು ಚಟಕ್ಕೆ ಇನ್ನೊಂದು ಚಟ ಕೊಟ್ಟ ಹಾಗಾಯಿತಲ್ಲ ಎಂಬ ಆಕ್ಷೇಪ ಆಗಲೇ ಹುಟ್ಟಿತು, ಇವತ್ತಿಗೂ ಇದೆ. ಮೆಥಡೋನ್‌ಗೆ ಮೈ ಒಗ್ಗುತ್ತದೆ, ಥಟ್ಟನೆ ನಿಲ್ಲಿಸಿದರೆ ನರಳುತ್ತದೆ; ಅದು ನಿಜ. ಆದರೆ ಮೈ ಒಗ್ಗುವುದು ಬೇರೆ, ಬದುಕೆಲ್ಲ ಮುಂದಿನ ಪೊಟ್ಟಣ ಹುಡುಕುವುದರಲ್ಲೇ ಕಳೆಯುವುದು ಬೇರೆ. ಇನ್ನೊಂದು ಸಂಗತಿಯೂ ಇದೆ. ಚಟ ಬಿಡಿಸಿ ಮನೆಗೆ ಕಳಿಸಿದ ಮೇಲೆ ದೇಹ ಹಳೆಯ ಪ್ರಮಾಣವನ್ನು ತಾಳಿಕೊಳ್ಳುವ ಶಕ್ತಿ ಕಳೆದುಕೊಂಡಿರುತ್ತದೆ. ಒಮ್ಮೆ ಎಡವಿ ಹಿಂದಿನಷ್ಟೇ ತೆಗೆದುಕೊಂಡರೆ ಉಸಿರು ನಿಲ್ಲಬಹುದು. ಮದ್ದಿನ ಮೇಲಿರುವವರ ಸಾವು ಕಡಿಮೆಯಾಗಲು ಇದೂ ಒಂದು ಕಾರಣ.

ಆದರೂ ಅಮೆರಿಕ ಮೆಥಡೋನನ್ನು ಬೇಲಿಯೊಳಗೇ ಇಟ್ಟಿತು. 1970ರ ದಶಕದ ನಿಯಮಗಳ ಪ್ರಕಾರ ಪರವಾನಗಿ ಪಡೆದ ಕ್ಲಿನಿಕ್ಕಿನಲ್ಲಷ್ಟೇ ಅದು ಸಿಗಬೇಕು. ಶುರುವಿನಲ್ಲಂತೂ ಹೆಚ್ಚುಕಡಿಮೆ ದಿನಾ ಹೋಗಿ, ನರ್ಸ್ ಎದುರು ನಿಂತು ಕುಡಿಯಬೇಕು. ಬೇಲಿಗೆ ಕಾರಣವೂ ಇತ್ತು: ಒಗ್ಗದವರಿಗೆ ಮೆಥಡೋನ್ ಪ್ರಾಣಾಂತಿಕ. ಈ ಅಪಾಯವನ್ನು ತಗ್ಗಿಸಿದ್ದು 1966ರಲ್ಲಿ ಇಂಗ್ಲೆಂಡಿನ ಹಲ್ ನಗರದ ರೆಕಿಟ್ ಪ್ರಯೋಗಾಲಯದಲ್ಲಿ ಹುಟ್ಟಿದ ಬ್ಯುಪ್ರೆನಾರ್ಫಿನ್. ಪ್ರಮಾಣ ಏರಿಸಿದರೂ ಒಂದು ಮಿತಿಯಾಚೆ ಅದರ ಪರಿಣಾಮ ಏರುವುದಿಲ್ಲ. 1990ರ ದಶಕದ ನಡುವೆ ಫ್ರಾನ್ಸ್ ಇದನ್ನು ಸಾಮಾನ್ಯ ವೈದ್ಯರ ಕೈಗೆ ಕೊಟ್ಟಿತು. ದಶಕ ಮುಗಿಯುವ ಹೊತ್ತಿಗೆ ಅಲ್ಲಿ ಹೆರಾಯಿನ್ ಮಿತಿಮೀರಿ ಸಾಯುವವರ ಸಂಖ್ಯೆ ಸುಮಾರು ಐದನೇ ಒಂದಕ್ಕೆ ಇಳಿದಿತ್ತು. ಅಮೆರಿಕದಲ್ಲಿ ಇದನ್ನು ಬರೆಯಲು ಬೇಕಿದ್ದ ವಿಶೇಷ ಪರವಾನಗಿ ರದ್ದಾದದ್ದು 2022ರ ಕೊನೆಗೆ.

ನಮ್ಮ ದೇಶದಲ್ಲಿ ಈ ಚಿಕಿತ್ಸೆ ಹೆಚ್ಚಾಗಿ ಎಚ್‌ಐವಿಯ ಬಾಗಿಲಿನಿಂದ ಒಳಬಂತು. ಒಂದೇ ಸೂಜಿಯನ್ನು ಹಲವರು ಬಳಸುವುದನ್ನು ತಡೆಯಲು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ಬ್ಯುಪ್ರೆನಾರ್ಫಿನ್ ಮಾತ್ರೆಯ ಕೇಂದ್ರಗಳನ್ನು ನಡೆಸಿತು. ಅಫೀಮು, ಹೆರಾಯಿನ್ ಬಗೆಯ ಪದಾರ್ಥಗಳಿಂದ ತೊಂದರೆಗೆ ಸಿಲುಕಿ ನೆರವು ಬೇಕಾದವರು ಸುಮಾರು 77 ಲಕ್ಷ ಎಂದು ಏಮ್ಸ್ ನೇತೃತ್ವದ ಸಮೀಕ್ಷೆ 2019ರಲ್ಲಿ ಅಂದಾಜಿಸಿತು. ಅವರಲ್ಲಿ ಸೂಜಿ ಮುಟ್ಟದವರೇ ಹೆಚ್ಚು. 'ವ್ಯಸನಮುಕ್ತಿ ಕೇಂದ್ರ' ಎಂಬ ಫಲಕ ಕಂಡರೆ ಮನೆಯವರು ಇವತ್ತಿಗೂ ಎಷ್ಟು ದಿನಕ್ಕೆ ಬಿಡಿಸುತ್ತೀರಿ ಎಂದೇ ಕೇಳುತ್ತಾರೆ. ಬಿಟ್ಟ ಮೇಲೆ ಯಾವ ಮದ್ದು, ಎಷ್ಟು ವರ್ಷ ಎಂದೂ ಕೇಳಬೇಕು. ಸಕ್ಕರೆ ಕಾಯಿಲೆಗೆ ಈ ಪ್ರಶ್ನೆಯನ್ನು ನಾವು ಸಂಕೋಚವಿಲ್ಲದೆ ಕೇಳುತ್ತೇವೆ.