ಅಡಕೆಯ ಕೊಳೆರೋಗ ಮತ್ತು ಕೃಷಿ ಸಲಹೆ: ಶಿವಮೊಗ್ಗ–ಭದ್ರಾವತಿ ಪ್ರದೇಶದ ಒಂದು ಪರಿಶೀಲನೆ

ರೈತನಿಗೆ ದೊರೆಯುವ ಸಲಹೆಯ ಗುಣವನ್ನು ಅಳೆಯುವ ಬಗೆ ಹೇಗೆ? ನಡೆದ ಸಭೆಗಳನ್ನೂ ಹಂಚಿದ ಕರಪತ್ರಗಳನ್ನೂ ಎಣಿಸಿದ ಮಾತ್ರಕ್ಕೆ ಅದು ತಿಳಿಯದು. ಶಿವಮೊಗ್ಗ ಸೀಮೆಯ ಅಡಕೆಯ ಕೊಳೆರೋಗದ ಇತಿಹಾಸವು ಈ ಪ್ರಶ್ನೆಗೆ ಉತ್ತರವನ್ನು ಒದಗಿಸುವುದೆಂದು ನಾವು ಭಾವಿಸುತ್ತೇವೆ.

ಮುಂಗಾರಿನ ಎಡೆಬಿಡದ ಮಳೆಯಲ್ಲಿ ಎಳೆಗಾಯಿಗಳು ಕೊಳೆತು ಉದುರುವುದು ಮಲೆನಾಡಿನ ಹಳೆಯ ವಿಪತ್ತು. ಇದನ್ನು ತಡೆಯಲೆಂದು ಕೊನೆಗಾರನು ಮರವೇರಿ ಗೊನೆಗಳಿಗೆ ಕೊಟ್ಟೆ ಕಟ್ಟುವ ಪದ್ಧತಿ ರೂಢಿಯಲ್ಲಿತ್ತು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಈ ರೋಗವನ್ನು ಅಭ್ಯಸಿಸಿ, ಅದರ ಮೂಲವಾದ ಶಿಲೀಂಧ್ರವನ್ನು ವಿವರಿಸಿ, 1910ರಲ್ಲಿ ವರದಿಯನ್ನು ಪ್ರಕಟಿಸಿದರು. ಮೈಲುತುತ್ತ ಮತ್ತು ಸುಣ್ಣಗಳಿಂದಾದ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸುವುದೇ ಅವರು ತೋರಿದ ಮಾರ್ಗ. ಬೆಳೆಗಾರರು ಇಂದಿಗೂ ಅದನ್ನು ಅನುಸರಿಸುತ್ತಿದ್ದಾರೆ.

ಈ ಸಲಹೆಯು ಇಷ್ಟು ಆಳವಾಗಿ ಬೇರೂರಿದುದೇಕೆ? ಕೊಟ್ಟೆಯಂತೆಯೇ ದ್ರಾವಣವೂ ರೋಗಕ್ಕೆ ಮೊದಲೇ ಮಾಡುವ ರಕ್ಷಣೆ. ಮರವೇರಬೇಕಾದವನೂ ಅದೇ ಕೊನೆಗಾರನು. ಹೊಸ ವಿದ್ಯೆಯು ಹಳೆಯ ಅನುಭವದ ಮೇಲೆಯೇ ನಿಂತಿತೆಂಬುದು ನಮ್ಮ ಅಭಿಪ್ರಾಯ.

ಮುಂದೆ ಸಂಸ್ಥೆಗಳು ಬೆಳೆದವು. 1952ರಲ್ಲಿ ಸಮುದಾಯ ಅಭಿವೃದ್ಧಿ ಯೋಜನೆಯೂ 1953ರಲ್ಲಿ ರಾಷ್ಟ್ರೀಯ ವಿಸ್ತರಣಾ ಸೇವೆಯೂ ಆರಂಭವಾಗಿ ಗ್ರಾಮಸೇವಕರು ಹಳ್ಳಿಗಳಿಗೆ ಬಂದರು. ಆದರೆ ಅವರಿಗೆ ಕೃಷಿಯೊಂದೇ ಕೆಲಸವಾಗಿರಲಿಲ್ಲ. 2000ದ ಸುಮಾರಿಗೆ ಹೋಬಳಿಗಳಲ್ಲಿ ರೈತ ಸಂಪರ್ಕ ಕೇಂದ್ರಗಳು ತೆರೆದವು. 2012ರಲ್ಲಿ ಶಿವಮೊಗ್ಗದಲ್ಲಿ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾನಿಲಯವೇ ಸ್ಥಾಪಿತವಾಯಿತು.

ಆದರೂ ಭದ್ರಾ ನಾಲೆಯ ನೀರುಣ್ಣುವ ಭದ್ರಾವತಿಯ ರೈತನ ಸ್ಥಿತಿಯನ್ನು ಗಮನಿಸಬೇಕು. ಭತ್ತದ ವಿಚಾರವು ಕೃಷಿ ಇಲಾಖೆಗೂ ಅಡಕೆಯ ವಿಚಾರವು ತೋಟಗಾರಿಕೆ ಇಲಾಖೆಗೂ ಸೇರಿದೆ. ಗದ್ದೆಯನ್ನು ತೋಟವಾಗಿಸಬೇಕೇ, ನೆರೆಗದ್ದೆಯಲ್ಲಿ ನಿಂತ ನೀರು ಅಡಕೆಯ ಬುಡಕ್ಕೆ ಬಸಿಯದಂತೆ ಬಸಿಗಾಲುವೆಯನ್ನು ಎಲ್ಲಿ ತೋಡಬೇಕೆಂಬ ಪ್ರಶ್ನೆಯಾದರೋ ಇವೆರಡರ ನಡುವಿನದು. ಅಡಕೆ ಫಲಕ್ಕೆ ಬರಲು ಹಲವು ವರ್ಷಗಳು ಬೇಕು. ತಪ್ಪು ಸಲಹೆಯ ಫಲವೂ ಅಷ್ಟೇ ತಡವಾಗಿ ತಿಳಿಯುತ್ತದೆ. ಆ ನಷ್ಟವನ್ನು ಹೊರುವವನು ರೈತನೊಬ್ಬನೇ.

ಆದುದರಿಂದ ಸಲಹೆಯ ಗುಣಕ್ಕೆ ಮೂರು ಪರೀಕ್ಷೆಗಳುಂಟು: ಅದು ಮಳೆಗೆ ಮುನ್ನ ತಲಪಿತೇ? ರೈತನು ಬಲ್ಲುದನ್ನು ಮೊದಲು ಕೇಳಿತೇ? ಅವನ ಹಿಡುವಳಿಯನ್ನು ಇಡಿಯಾಗಿ ನೋಡಿತೇ? ಕೊಳೆರೋಗದ ಸಲಹೆಯು ಮೊದಲೆರಡರಲ್ಲಿ ಗೆದ್ದಿತು. ಮೂರನೆಯದು ನಮ್ಮ ಕಾಲದ ಹೊಣೆ.